ಹಳೇ ಹಾಸಿಗೆ ಎಲ್ಲಿಗೆ? ದಾವಣಗೆರೆಯ ಒಂದು ಹತ್ತಿ ಹಿಂಜುವ ಅಂಗಡಿಯ ವಿಮರ್ಶೆ

ಮೂರು ಹಾಸಿಗೆಗಳನ್ನು ಮನೆಯಿಂದ ಹೊರಗೆ ಸಾಗಿಸುವುದು ಒಂದು ಬೆಳಗಿನ ಕೆಲಸವೆಂದು ನಾನು ಎಣಿಸಿದ್ದೆ. ಏಳು ವಾರ ಹಿಡಿಯಿತು; ಇದನ್ನು ಬರೆಯುವ ಹೊತ್ತಿಗೂ ಪೂರ್ತಿ ಮುಗಿದಿಲ್ಲ. ದಾವಣಗೆರೆಯ ನಮ್ಮ ಮನೆಗೆ ಸುಣ್ಣಬಣ್ಣ ಮಾಡಿಸುವಾಗ ಅಟ್ಟದಿಂದ ಒಂದು, ಹಿಂದಿನ ಕೋಣೆಯಿಂದ ಎರಡು ಹಾಸಿಗೆ ಹೊರಗೆ ಬಂದವು. ಮೊದಲನೆಯದು ನನ್ನ ಮದುವೆಯಲ್ಲಿ ತವರಿನವರು ಕೊಟ್ಟ ಹತ್ತಿಯ ಗಾದಿ, ಕಲ್ಲಿನಂತೆ ಗಟ್ಟಿಯಾಗಿ ನಡುವೆ ತಗ್ಗು ಬಿದ್ದಿತ್ತು. ಎರಡನೆಯದು ತೆಂಗಿನ ನಾರಿನದು, ಮೂಲೆಗಳು ಕುಸಿದು ಅಲುಗಾಡಿಸಿದರೆ ಕಂದು ಪುಡಿ ಉದುರುತ್ತಿತ್ತು. ಮೂರನೆಯದು ಹನ್ನೊಂದು ವರ್ಷದ ಹಿಂದೆ ಕೊಂಡ 6 ಇಂಚು ದಪ್ಪದ ಫೋಮ್ ಹಾಸಿಗೆ; ಬಿಳಿಯದಾಗಿದ್ದದ್ದು ಹಳದಿಗೆ ತಿರುಗಿತ್ತು. ಈ ಬರಹ ಮುಖ್ಯವಾಗಿ ಆ ಹತ್ತಿಯ ಗಾದಿಯನ್ನು ಮತ್ತೆ ಮಲಗುವಂತೆ ಮಾಡಿಕೊಟ್ಟ, ಹಳೇ ದಾವಣಗೆರೆಯ ಗಲ್ಲಿಯೊಂದರಲ್ಲಿರುವ ಹತ್ತಿ ಹಿಂಜುವ ಅಂಗಡಿಯ ವಿಮರ್ಶೆ. ಉಳಿದ ಎರಡನ್ನು ಕಟ್ಟಿಕೊಂಡು ನಾನು ತಟ್ಟಿದ ಬಾಗಿಲುಗಳ ಮಾತು ಹೋಲಿಕೆಗಾಗಿ ನಡುನಡುವೆ ಬರುತ್ತದೆ.

ಮೊದಲು ತಟ್ಟಿದ್ದು ಅಂಗಡಿಯವರೇ ತೆರೆದಿಟ್ಟಿದ್ದ ಬಾಗಿಲನ್ನು. ಹೊಸ ಹಾಸಿಗೆ ಕೊಳ್ಳುವವರಿಗೆ ಹಳೆಯದರ ಬದಲಿಗೆ ₹2,000 ರಿಯಾಯಿತಿ ಎಂದು ಹಾಸಿಗೆ ಮಾರುವ ಮಳಿಗೆಯೊಂದರ ಮುಂದೆ ದೊಡ್ಡ ಫಲಕ ತೂಗುಹಾಕಿದ್ದರು. ಫಲಕದ ಮೂಲೆಯಲ್ಲಿ ಮೂರು ಬಾಣಗಳು ಒಂದನ್ನೊಂದು ಅಟ್ಟಿಸಿಕೊಂಡು ಹೋಗುವ ಹಸಿರು ಗುರುತೂ ಇತ್ತು. ಹಳೆಯ ಹಾಸಿಗೆ ಇಲ್ಲಿಂದ ಎಲ್ಲಿಗೆ ಹೋಗುತ್ತದೆ ಎಂದು ಕೌಂಟರಿನಲ್ಲಿ ಕೇಳಿದೆ. ‘ಕಂಪನಿಯವರು ನೋಡ್ಕೊಳ್ತಾರೆ ಮೇಡಂ’ ಎಂಬ ಉತ್ತರ ಬಂತು. ಬಿಲ್ಲಿನಲ್ಲಿ ‘ಎಕ್ಸ್‌ಚೇಂಜ್’ ಎಂಬ ಸಾಲಿನ ಎದುರು ಎರಡು ಸಾವಿರ ಕಳೆದಿದ್ದರೇ ಹೊರತು, ಕೊಟ್ಟ ಹಾಸಿಗೆಯ ಬಗ್ಗೆ ಒಂದು ಅಕ್ಷರ ಇರಲಿಲ್ಲ. ಹೊಸದನ್ನು ಇಳಿಸಲು ಬಂದ ಹುಡುಗರು ಹಳೆಯ ಫೋಮ್ ಹಾಸಿಗೆಯನ್ನು ನೋಡಿ, ಗಾಡಿ ಗೋಡೌನಿಗೆ ವಾಪಸ್ ಹೋಗುವುದಿಲ್ಲ, ಇದಕ್ಕೆ ಜಾಗವಿಲ್ಲ ಎಂದರು. ಆಮೇಲೆ ಒಬ್ಬ ಸ್ವಲ್ಪ ತಗ್ಗಿದ ದನಿಯಲ್ಲಿ, ‘ಇನ್ನೂರು ಕೊಡ್ರಿ ಅಕ್ಕ, ಎಲ್ಲಾದ್ರೂ ಹಾಕಿ ಹೋಗ್ತೀವಿ’ ಎಂದ. ಆ ‘ಎಲ್ಲಾದರೂ’ ಯಾವುದೆಂಬುದು ಬೈಪಾಸಿನಲ್ಲಿ ಓಡಾಡುವ ಎಲ್ಲರಿಗೂ ಗೊತ್ತಿರುವುದೇ. ಹಾಸಿಗೆಯನ್ನು ಮತ್ತೆ ಒಳಗೆ ಎಳೆಸಿಕೊಂಡೆ. ರಿಯಾಯಿತಿಯನ್ನು ಅವರು ವಾಪಸ್ ಕೇಳಲಿಲ್ಲ, ಹಾಸಿಗೆಯನ್ನೂ ಕೇಳಲಿಲ್ಲ. ಅವರಿಗೆ ಬೇಕಾಗಿದ್ದದ್ದು ಹೊಸದನ್ನು ಮಾರುವುದು ಮಾತ್ರ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಅಲ್ಲಿಂದ ಮುಂದೆ ಹಾಸಿಗೆಗೆ ಸಂಬಂಧಪಟ್ಟ ಯಾವ ಸೇವೆಯನ್ನು ಅಳೆಯುವಾಗಲೂ ನಾನು ‘ಎಲ್ಲಿಗೆ’ ಎಂಬ ಒಂದೇ ಪ್ರಶ್ನೆ ಕೇಳುವುದನ್ನು ರೂಢಿ ಮಾಡಿಕೊಂಡೆ. ಮನೆ ಮುಂದೆ ಬರುವ ಕಸದ ಗಾಡಿಯಲ್ಲಿ ಹಸಿ ಕಸಕ್ಕೊಂದು, ಒಣ ಕಸಕ್ಕೊಂದು ಭಾಗವಿರುತ್ತದೆ. ಆರೂವರೆ ಅಡಿ ಉದ್ದ, ಆರಡಿ ಅಗಲದ ವಸ್ತು ಎರಡರಲ್ಲೂ ಹಿಡಿಸುವುದಿಲ್ಲ. ಅದು ಗಾಡಿಯವರ ತಪ್ಪಲ್ಲ. ಗುಜರಿಯವರು ಕಬ್ಬಿಣ, ತಾಮ್ರ, ರಟ್ಟು, ಹಾಲಿನ ಪ್ಯಾಕೆಟ್ಟು ಎಲ್ಲಕ್ಕೂ ದರ ಹೇಳುವವರು, ಫೋಮ್ ಎಂದೊಡನೆ ಕೈಯಾಡಿಸಿಬಿಟ್ಟರು. ಸ್ಪ್ರಿಂಗ್ ಹಾಸಿಗೆಯಾಗಿದ್ದರೆ ತಂತಿಯ ಆಸೆಗಾದರೂ ಒಯ್ಯುತ್ತಿದ್ದರೇನೋ. ದೊಡ್ಡ ಸ್ಪ್ರಿಂಗ್ ಹಾಸಿಗೆಯೊಂದರಲ್ಲಿ ಸುಮಾರು 11 ಕೆಜಿ ಉಕ್ಕು ಇರುತ್ತದೆ, ಅದಕ್ಕೆ ಸದಾ ಗಿರಾಕಿ ಇದೆ. ಆದರೆ ಈಚಿನ ‘ಪಾಕೆಟ್ ಸ್ಪ್ರಿಂಗ್’ ಹಾಸಿಗೆಗಳಲ್ಲಿ ಪ್ರತಿಯೊಂದು ಸುರುಳಿಯನ್ನೂ ಪ್ರತ್ಯೇಕವಾಗಿ ಪ್ಲಾಸ್ಟಿಕ್ ನಾರಿನ ಚೀಲದಲ್ಲಿ ಮುಚ್ಚಿರುವುದರಿಂದ, ನೂರಾರು ಚೀಲಗಳನ್ನು ಹರಿದು ತಂತಿ ತೆಗೆಯುವ ಕೂಲಿ ತಂತಿಯ ಬೆಲೆಗಿಂತ ಹೆಚ್ಚಾಗಿಬಿಡುತ್ತದೆ.

ಫೋಮನ್ನು ಗುಜರಿಯವರು ಒಲ್ಲೆನ್ನುವ ಕಾರಣ ಲೆಕ್ಕ ಹಾಕಿದರೆ ಅರ್ಥವಾಗುತ್ತದೆ. ಅಂಗಡಿಯಲ್ಲಿ ‘32 ಡೆನ್ಸಿಟಿ’ ಎಂದು ಹೇಳಿ ಮಾರುತ್ತಾರಲ್ಲ, ಅದರ ಅರ್ಥ ಒಂದು ಘನ ಮೀಟರ್ ಫೋಮಿನ ತೂಕ 32 ಕೆಜಿ ಎಂದು. ನಮ್ಮ ಹಾಸಿಗೆ 78 ಇಂಚು ಉದ್ದ, 72 ಇಂಚು ಅಗಲ, 6 ಇಂಚು ದಪ್ಪ. ಹತ್ತೊಂಬತ್ತೂವರೆ ಘನ ಅಡಿ ಜಾಗ ತಿನ್ನುವ ಅದರಲ್ಲಿ ವಸ್ತುವೆಂಬುದು ಹದಿನೇಳು, ಹದಿನೆಂಟು ಕೆಜಿ ಮಾತ್ರ, ಉಳಿದದ್ದೆಲ್ಲ ಗಾಳಿ. ಲಾರಿ ತುಂಬ ಹೇರಿದರೂ ತೂಕ ಬರುವುದಿಲ್ಲ, ತೂಕ ಬರದಿದ್ದರೆ ಬಾಡಿಗೆ ಹುಟ್ಟುವುದಿಲ್ಲ. ಕಸದ ರಾಶಿಗೆ ಹೋದರೂ ಇದೇ ಗುಣ ಅಡ್ಡ ಬರುತ್ತದೆ: ಬುಲ್ಡೋಜರ್ ಹತ್ತಿಸಿ ಒತ್ತಿದಾಗ ತಗ್ಗಿ, ಇಳಿದೊಡನೆ ಮತ್ತೆ ಉಬ್ಬಿಕೊಳ್ಳುವ ವಸ್ತುವನ್ನು ಹೂಳುವುದು ಕಷ್ಟ, ಹೂಳಿದರೂ ಕರಗುವುದಿಲ್ಲ.

ಪಾಲಿಯುರಿಥೇನ್ ಎಂಬ ಈ ವಸ್ತುವನ್ನು 1937ರಲ್ಲಿ ಜರ್ಮನಿಯ ಓಟ್ಟೋ ಬೇಯರ್ ಮತ್ತು ಅವರ ಸಂಗಡಿಗರು ಕಂಡುಹಿಡಿದರು. ಪೆಟ್ರೋಲಿಯಂನಿಂದ ಬರುವ ಪಾಲಿಯಾಲ್ ಮತ್ತು ಐಸೊಸೈನೇಟ್ ಎಂಬ ಎರಡು ದ್ರವಗಳು ಕೂಡಿದಾಗ ದೋಸೆಹಿಟ್ಟು ಹುದುಗಿದಂತೆ ಉಬ್ಬಿ ಫೋಮ್ ಆಗುತ್ತದೆ, ಆ ಹೊತ್ತಿಗೆ ಅದರ ಅಣುಗಳು ಬಲೆಯಂತೆ ಒಂದಕ್ಕೊಂದು ಗಂಟುಬಿದ್ದಿರುತ್ತವೆ. ಪ್ಲಾಸ್ಟಿಕ್ ಬಕೆಟ್ಟನ್ನು ಕರಗಿಸಿ ಮತ್ತೊಂದು ಬಕೆಟ್ ಎರಕ ಹೊಯ್ಯಬಹುದು. ಬೆಂದ ದೋಸೆಯನ್ನು ಹಿಟ್ಟು ಮಾಡಲಾಗದಂತೆ ಇದನ್ನು ಕರಗಿಸಲಾಗದು. ಪುಡಿಮಾಡಿ ಅಂಟು ಬೆರೆಸಿ ಹಬೆಯಲ್ಲಿ ಒತ್ತಿ ‘ರೀಬಾಂಡೆಡ್’ ಫೋಮ್ ಮಾಡುತ್ತಾರೆ, ನಮ್ಮಲ್ಲಿ ಗಟ್ಟಿ ಹಾಸಿಗೆ ಎಂದು ಮಾರುವ ಎಷ್ಟೋ ಹಾಸಿಗೆಗಳ ಹೊಟ್ಟೆಯಲ್ಲಿ ಬಣ್ಣಬಣ್ಣದ ತುಣುಕುಗಳಾಗಿ ಕಾಣುವುದು ಅದೇ. ಆದರೆ ಅದಕ್ಕೆ ಕಾರ್ಖಾನೆಯಲ್ಲಿ ಕತ್ತರಿಸಿ ಉಳಿದ ಸ್ವಚ್ಛ ಚೂರುಗಳೇ ಬೇಕು, ಹನ್ನೊಂದು ವರ್ಷ ಬೆವರು ಕುಡಿದ ನಮ್ಮ ಹಾಸಿಗೆಯನ್ನು ಮೂಸಿ ನೋಡುವವರಿಲ್ಲ. ಇನ್ನು ಬೆಂಕಿ ಹಚ್ಚುವುದಂತೂ ಯಾರೂ ಮಾಡಬಾರದ ಕೆಲಸ. ಇದು ಉರಿಯುವಾಗ ಕಾರ್ಬನ್ ಮಾನಾಕ್ಸೈಡ್ ಜೊತೆಗೆ ಹೈಡ್ರೋಜನ್ ಸಯನೈಡ್ ಅನಿಲವೂ ಹೊರಬೀಳುತ್ತದೆ. ಖಾಲಿ ಸೈಟಿನಲ್ಲಿ ಕಸದ ಜೊತೆ ಹಳೆಯ ದಿಂಬು ಸುಡುವವರು ಸುತ್ತಲ ಮನೆಯವರಿಗೆ ಉಣಿಸುವುದು ಇದನ್ನೇ.

ಹತ್ತಿಯ ಗಾದಿಯ ಕಥೆ ಬೇರೆಯೇ ಆಯಿತು. ಒಂದು ಕಾಲಕ್ಕೆ ಹತ್ತಿ ಗಿರಣಿಗಳಿಂದಾಗಿ ಕರ್ನಾಟಕದ ಮ್ಯಾಂಚೆಸ್ಟರ್ ಎನಿಸಿಕೊಂಡ ಊರು ನಮ್ಮದು. ಗಿರಣಿಗಳ ಸದ್ದು ಅಡಗಿದರೂ ಹತ್ತಿ ಹಿಂಜುವವರು ಪೂರ್ತಿ ಇಲ್ಲವಾಗಿಲ್ಲ. ಹಿಂದೆ ಪಿಂಜಾರರು ಹೆಗಲ ಮೇಲೆ ಆಳೆತ್ತರದ ಬಿಲ್ಲು ಇಟ್ಟುಕೊಂಡು, ಅದರ ನರವನ್ನು ಮೀಟಿ ‘ಟೊಂಯ್’ ಎನ್ನಿಸುತ್ತ ಓಣಿಗಳಲ್ಲಿ ಬರುತ್ತಿದ್ದರು. ಕೆಲಸ ಹಿಡಿದ ಮನೆಯ ಅಂಗಳದಲ್ಲೇ ಹಳೆಯ ಹತ್ತಿ ಸುರಿದುಕೊಂಡು ಬಿಲ್ಲಿನ ನರವನ್ನು ಅದಕ್ಕೆ ತಾಗಿಸಿ ಮರದ ಕೊಡತಿಯಿಂದ ಬಡಿದರೆ, ನರದ ಕಂಪನಕ್ಕೆ ಗಂಟುಗಳು ಬಿಡಿಸಿಕೊಂಡು ಅರಳೆ ನೊರೆಯಂತೆ ಏಳುತ್ತಿತ್ತು. ಈಗ ಬಿಲ್ಲಿನ ಜಾಗಕ್ಕೆ ಕರೆಂಟಿನ ಮೆಷಿನ್ ಬಂದಿದೆ. ನಾನು ಹೋದ ಅಂಗಡಿಯಲ್ಲಿ ಹಳೆಯ ಬಿಲ್ಲೊಂದನ್ನು ಗೋಡೆಗೆ ತೂಗುಹಾಕಿದ್ದರು, ಅದರ ಮೇಲೆ ಹತ್ತಿಯ ದೂಳು ಹಿಮದಂತೆ ಕೂತಿತ್ತು.

ಅಂಗಡಿಯೆಂದರೆ ಎರಡು ಅಂಕಣದ ಒಂದು ಜಾಗ. ಮುಂದೆ ದಿಂಬು, ಲೋಡು, ಮಕ್ಕಳ ಪುಟ್ಟ ಗಾದಿಗಳ ಸಾಲು. ಹಿಂದೆ ಗೋಣಿಪರದೆಯ ಆಚೆ ಮೆಷಿನ್. ಅರವತ್ತು ದಾಟಿದ ಸಾಹೇಬರು ಗಾದಿಯನ್ನು ಆಟೋದಿಂದ ಇಳಿಸುವ ಮೊದಲೇ ಹೊಲಿಗೆಯ ಒಂದು ತುದಿ ಬಿಚ್ಚಿ, ಒಳಗೆ ಎರಡು ಬೆರಳು ಹಾಕಿ ಚಿಟಿಕೆಯಷ್ಟು ಹತ್ತಿ ಎಳೆದರು. ಅದನ್ನು ಎರಡೂ ಕೈಯ ಹೆಬ್ಬೆರಳುಗಳ ನಡುವೆ ಹಿಡಿದು ನಿಧಾನವಾಗಿ ಹಿಗ್ಗಿಸಿ, ಬೆಳಕಿಗೆ ಹಿಡಿದು ನೋಡಿ, ‘ಹತ್ತಿ ಸತ್ತಿಲ್ಲ ಅಕ್ಕಾರೆ, ನಿದ್ದಿ ಮಾಡೈತಿ’ ಎಂದರು. ನಾನು ನಗುವಷ್ಟರಲ್ಲಿ ಪಕ್ಕದಲ್ಲಿದ್ದ ಮತ್ತೊಬ್ಬರ ಗಾದಿಗೂ ಅದೇ ಪರೀಕ್ಷೆ ನಡೆಯಿತು. ಅದರ ಎಳೆ ಹಿಗ್ಗದೆ ಪುಡಿಪುಡಿಯಾಯಿತು. ‘ಇದು ಗಿರಣಿ ಕಸಾ ರೀ, ಹಿಂಜಿದ್ರೆ ದೂಳ ಆಗತೈತಿ, ರೊಕ್ಕ ಹಾಳು’ ಎಂದು ಅವರನ್ನು ವಾಪಸ್ ಕಳಿಸಿದರು. ಬಂದ ಗಿರಾಕಿಯನ್ನು ಹಿಂದಕ್ಕೆ ಕಳಿಸುವ ಅಂಗಡಿಯನ್ನು ನಾನು ಈಚಿನ ವರ್ಷಗಳಲ್ಲಿ ಹೆಚ್ಚು ಕಂಡಿಲ್ಲ. ನನಗೆ ಅಲ್ಲಿ ನಂಬಿಕೆ ಬಂದದ್ದು ಆ ಗಳಿಗೆಯಲ್ಲೇ.

ಕೆಲಸ ನಮ್ಮ ಕಣ್ಣೆದುರಿಗೇ ಆಗಬೇಕೆಂದು ಕೇಳಿದ್ದಕ್ಕೆ ಅವರು ಬೇಸರಪಡಲಿಲ್ಲ. ಒಳ್ಳೆಯ ಹತ್ತಿಯನ್ನು ತೆಗೆದುಕೊಂಡು ಅಗ್ಗದ್ದನ್ನು ತುಂಬಿ ಕೊಡುತ್ತಾರೆಂಬ ದೂರು ಈ ಕಸುಬಿನ ಮೇಲೆ ಹಳೆಯದು, ಅದು ಅವರಿಗೂ ಗೊತ್ತು. ಬೆಳಿಗ್ಗೆ ಹತ್ತಕ್ಕೆ ಬನ್ನಿ ಎಂದು ಹೇಳಿ, ನಾನು ಬರುವವರೆಗೂ ಗಾದಿಯ ಹೊಲಿಗೆ ಬಿಚ್ಚಿರಲಿಲ್ಲ. ಮೊದಲು ಗಾದಿಯನ್ನು ತೂಗಿದರು, 14 ಕೆಜಿ ಬಂತು. ಹಳೆಯ ಪಟ್ಟೆ ಬಟ್ಟೆಯನ್ನು ಸೀಳಿ ಹತ್ತಿಯನ್ನು ನೆಲಕ್ಕೆ ಸುರಿದಾಗ ಅದು ಹತ್ತಿಯಂತೆಯೇ ಇರಲಿಲ್ಲ. ಮಣ್ಣುಬಣ್ಣದ ಗಟ್ಟಿ ಹಾಳೆಗಳಾಗಿ, ಹಪ್ಪಳದಂತೆ ಒಂದರ ಮೇಲೊಂದು ಕೂತಿತ್ತು. ಅವರ ಮಗ ಆ ಹಾಳೆಗಳನ್ನು ಕೈಯಲ್ಲೇ ಹರಿದು ಚೂರು ಮಾಡಿ ಮೆಷಿನ್ನಿನ ಬಾಯಿಗೆ ಕೊಡುತ್ತ ಹೋದ. ಒಳಗೆ ಮುಳ್ಳುಗಳಿರುವ ಉರುಳೆ ವೇಗವಾಗಿ ತಿರುಗುತ್ತದೆ. ಗಂಟುಬಿದ್ದ ಹತ್ತಿಯನ್ನು ಆ ಮುಳ್ಳುಗಳು ಎಳೆಎಳೆಯಾಗಿ ಬಿಡಿಸಿ ಇನ್ನೊಂದು ಬದಿಗೆ ಎಸೆಯುತ್ತವೆ, ತುಂಡು ನಾರು, ಬೀಜದ ಸಿಪ್ಪೆ, ದೂಳು ಕೆಳಗಿನ ಜಾಲರಿಯಿಂದ ಉದುರುತ್ತವೆ. ಆಚೆ ಬದಿಯಲ್ಲಿ ಮೊಣಕಾಲೆತ್ತರದ ಬಿಳಿಯ ರಾಶಿ ಏಳುವುದನ್ನು ನೋಡುತ್ತ ನಿಂತವಳಿಗೆ, ಇದು ನಮ್ಮ ಮನೆಯಿಂದ ತಂದದ್ದೇ ಎಂದು ನಂಬಲು ಸ್ವಲ್ಪ ಹೊತ್ತು ಬೇಕಾಯಿತು. ಕೈ ಹಾಕಿದರೆ ಬೆಚ್ಚಗಿತ್ತು.

ಹಿಂಜಿ ಮುಗಿದ ಮೇಲೆ ಮತ್ತೆ ತೂಗಿದರು: ಹನ್ನೆರಡೂವರೆ ಕೆಜಿ. ಜಾಲರಿಯ ಕೆಳಗೆ ಬಿದ್ದ ಒಂದೂವರೆ ಕೆಜಿ ಕಸವನ್ನೂ ತೋರಿಸಿ, ಅಷ್ಟೇ ತೂಕದ ಹೊಸ ಅರಳೆ ಸೇರಿಸಿದರು. ಆಮೇಲಿನ ಕೆಲಸವನ್ನು ಸಾಹೇಬರೇ ಮಾಡಿದರು. ಹೊಸ ಬಟ್ಟೆಯ ಚೀಲದಲ್ಲಿ ಹತ್ತಿಯನ್ನು ಮೂಲೆಗಳಿಂದ ತುಂಬಿಸುತ್ತ ಬಂದು, ಬಾಯಿ ಹೊಲಿದು, ಉದ್ದನೆಯ ಬಿದಿರ ಕೋಲಿನಿಂದ ಮೇಲೆಲ್ಲ ಬಡಿದು ಸಮ ಮಾಡಿದರು. ಕೊನೆಗೆ ಗೇಣುದ್ದದ ದಬ್ಬಣದಲ್ಲಿ ದಪ್ಪ ದಾರ ಪೋಣಿಸಿಕೊಂಡು ಗಾದಿಯ ಮೇಲೆಯೇ ಮಂಡಿಯೂರಿ ಕೂತು, ಮೊಳಕ್ಕೊಂದರಂತೆ ಟಾಕು ಹಾಕುತ್ತ ಹೋದರು. ಹತ್ತಿ ಒಂದೇ ಕಡೆ ಸರಿದು ಗುಡ್ಡೆಯಾಗದಂತೆ ತಡೆಯುವುದು ಈ ಟಾಕುಗಳೇ. ಪ್ರತಿ ಟಾಕನ್ನೂ ಹಾಕಿದ ಮೇಲೆ ಅಂಗೈಯಿಂದ ಅದರ ಸುತ್ತ ಒಂದು ಸಲ ಸವರುತ್ತಿದ್ದರು. ಮಧ್ಯಾಹ್ನ ಎರಡರ ಹೊತ್ತಿಗೆ ಗಾದಿ ಸಿದ್ಧವಾಗಿತ್ತು.

ಖರ್ಚಿನ ವಿವರ ಹೀಗಿದೆ. ಹಿಂಜಿದ್ದಕ್ಕೆ ಕೆಜಿಗೆ ₹35ರಂತೆ ₹490, ಹೊಸ ಅರಳೆಗೆ ₹300, ಬಟ್ಟೆಗೆ ₹480, ತುಂಬಿ ಹೊಲಿದ ಕೂಲಿ ₹250, ಒಟ್ಟು ₹1,520. ಆಟೋದವರಿಗೆ ಎರಡು ಸಲ ಕೊಟ್ಟದ್ದು ಬೇರೆ. ಒಬ್ಬರು ಮಲಗುವ ಅಗ್ಗದ ಫೋಮ್ ಹಾಸಿಗೆಯೂ ಇದಕ್ಕಿಂತ ಹೆಚ್ಚು ಬೆಲೆಗೆ ಸಿಗುತ್ತದೆ, ಐದಾರು ವರ್ಷಕ್ಕೆ ನಡು ಕುಸಿಯುತ್ತದೆ. ಈ ಗಾದಿ ನಾಲ್ಕೈದು ವರ್ಷಕ್ಕೊಮ್ಮೆ ಮತ್ತೆ ಹಿಂಜಿಸಿಕೊಂಡರೆ ಇನ್ನೂ ಎಷ್ಟು ಕಾಲ ಬರುತ್ತದೆಂದು ಕೇಳಿದಾಗ ಸಾಹೇಬರು, ‘ನಿಮ್ಮ ಮೊಮ್ಮಕ್ಕಳು ಬಂದು ಹಿಂಜಿಸ್ಲಿ, ಆಗ ಹೇಳ್ತೀನಿ’ ಎಂದು ತಪ್ಪಿಸಿಕೊಂಡರು.

ಕೊರತೆಗಳನ್ನೂ ಹೇಳಬೇಕು. ಎಲ್ಲಕ್ಕಿಂತ ದೊಡ್ಡದು ದೂಳು. ಮೆಷಿನ್ ಇರುವ ಹಿಂದಿನ ಅಂಕಣದಲ್ಲಿ ಗಾಳಿ ಹೊರಗೆ ಹೋಗಲು ಒಂದು ಫ್ಯಾನು ಕೂಡ ಇಲ್ಲ. ಮಗ ಮೂಗಿಗೆ ಒಂದು ಟವೆಲ್ಲು ಸುತ್ತಿಕೊಂಡಿದ್ದ, ತಂದೆ ಅದನ್ನೂ ಸುತ್ತಿಕೊಂಡಿರಲಿಲ್ಲ, ಮಾತಿನ ನಡುವೆ ಕೆಮ್ಮುತ್ತಿದ್ದರು. ಹತ್ತಿಯ ದೂಳನ್ನು ವರ್ಷಗಟ್ಟಲೆ ಉಸಿರಾಡುವವರಿಗೆ ಬಿಸಿನೋಸಿಸ್ ಎಂಬ ಶ್ವಾಸಕೋಶದ ಕಾಯಿಲೆ ಬರುವುದು ಗಿರಣಿ ಕಾರ್ಮಿಕರ ವಿಷಯದಲ್ಲಿ ಬಹಳ ಹಿಂದೆಯೇ ಸಾಬೀತಾದ ಸಂಗತಿ, ಮನೆಯೊಳಗಿನ ಹಳೆಯ ಗಾದಿಯ ದೂಳು ಗಿರಣಿಯದಕ್ಕಿಂತ ಶುದ್ಧವೇನಲ್ಲ. ಪರಿಸರಕ್ಕೆ ಒಳ್ಳೆಯದೆಂದು ನಾವು ಹೊಗಳುವ ಕೆಲಸದ ದೂಳು ಯಾರದೋ ಎದೆಯಲ್ಲಿ ಕೂರುತ್ತಿದೆ ಎಂಬುದನ್ನು ನೋಡಿಯೂ ನೋಡದಂತೆ ಬರೆಯಲಾಗದು. ನಾನು ಮುಂದಿನ ಸಲ ಹೋದಾಗ ಒಳ್ಳೆಯ ಮಾಸ್ಕುಗಳ ಒಂದು ಡಬ್ಬಿ ಕೊಟ್ಟುಬಂದೆ. ಸಾಹೇಬರು ಅದನ್ನು ಗಲ್ಲಾಪೆಟ್ಟಿಗೆಯ ಮೇಲೆ ಭದ್ರವಾಗಿ ಇಟ್ಟುಕೊಂಡಿದ್ದಾರೆ, ಒಡೆದಂತೆ ಕಾಣಲಿಲ್ಲ.

ಮಳೆಗಾಲದಲ್ಲಿ ಅವರು ಕೆಲಸ ಹಿಡಿಯುವುದಿಲ್ಲ, ಹಿಡಿದರೂ ಹತ್ತಿ ತೇವ ಹೀರಿಕೊಂಡು ಸರಿಯಾಗಿ ಬಿಡಿಸಿಕೊಳ್ಳುವುದಿಲ್ಲ. ಶುಕ್ರವಾರ ಮಧ್ಯಾಹ್ನ ಅಂಗಡಿ ಮುಚ್ಚಿರುತ್ತದೆ. ತಿಗಣೆ ಇದ್ದ ಹಾಸಿಗೆಯನ್ನು ಎರಡು ದಿನ ಕಡುಬಿಸಿಲಿನಲ್ಲಿ ಒಣಗಿಸಿ ತರದಿದ್ದರೆ ಒಳಗೇ ಸೇರಿಸುವುದಿಲ್ಲ, ಅದು ಸರಿಯೇ. ಬಟ್ಟೆಯಲ್ಲಿ ಆಯ್ಕೆ ಕಡಿಮೆ, ಬೇಕಾದವರು ತಾವೇ ಒಯ್ದುಕೊಡಬೇಕು. ಹಿಂಜಿಸಿ ತಂದ ಗಾದಿ ಮೊದಲ ವಾರ ವಿಪರೀತ ಎತ್ತರವಾಗಿರುತ್ತದೆ. ನಾನು ಎರಡು ರಾತ್ರಿ ಬೆಟ್ಟದ ತುದಿಯಲ್ಲಿ ಮಲಗಿದಂತೆ ಅಂಜಿಕೊಂಡೇ ಮಲಗಿದೆ, ಮೂರನೆಯ ದಿನದಿಂದ ಅದು ಮೈಗೆ ಹೊಂದಿಕೊಂಡಿತು. ಬೆನ್ನುನೋವಿರುವವರಿಗೆ ಇದು ಹಿತವೋ ಇಲ್ಲವೋ ಎಂಬುದನ್ನು ಅವರವರ ವೈದ್ಯರನ್ನು ಕೇಳಿಕೊಳ್ಳುವುದು ಒಳ್ಳೆಯದು. ಹದಿನಾಲ್ಕು ಕೆಜಿಯ ಗಾದಿಯನ್ನು ತಿಂಗಳಿಗೊಮ್ಮೆ ಮಹಡಿಗೆ ಹೊತ್ತು ಬಿಸಿಲಿಗೆ ಹಾಕಲು ಮನೆಯಲ್ಲಿ ಗಟ್ಟಿ ಆಳು ಬೇಕು, ಅಪಾರ್ಟ್‌ಮೆಂಟಿನಲ್ಲಿರುವವರಿಗೆ ಇದು ಸುಲಭವಲ್ಲ ಎಂಬುದನ್ನು ಒಪ್ಪಿಕೊಳ್ಳುತ್ತೇನೆ.

ಇಷ್ಟಿದ್ದರೂ ‘ಎಲ್ಲಿಗೆ’ ಎಂಬ ನನ್ನ ಪ್ರಶ್ನೆಗೆ ನೇರ ಉತ್ತರ ಕೊಟ್ಟದ್ದು ಇದೊಂದೇ ಅಂಗಡಿ. 14 ಕೆಜಿಯಲ್ಲಿ ಹನ್ನೆರಡೂವರೆ ಕೆಜಿ ಅದೇ ದಿನ ಅದೇ ಮನೆಗೆ ಹಿಂದಿರುಗಿತು. ಉಳಿದ ಕಸವನ್ನು ನಾನು ಕೇಳಿ ಪಡೆದುಕೊಂಡು ಹೂದೋಟದ ಗೊಬ್ಬರದ ಗುಂಡಿಗೆ ಹಾಕಿದೆ, ಹಳೆಯ ಪಟ್ಟೆ ಬಟ್ಟೆ ಒರೆಸುವ ಬಟ್ಟೆಯಾಯಿತು. ಹತ್ತಿಯೂ ಪರಿಸರಕ್ಕೆ ಪುಕ್ಕಟೆಯಾಗಿ ಬರುವುದಿಲ್ಲ. ಒಂದು ಕೆಜಿ ಹತ್ತಿ ಬಟ್ಟೆಯ ಹಿಂದೆ, ಮಳೆಯ ನೀರನ್ನೂ ಸೇರಿಸಿ, ಜಗತ್ತಿನ ಸರಾಸರಿಯಲ್ಲಿ ಸುಮಾರು 10,000 ಲೀಟರ್ ನೀರು ಇದೆ ಎಂದು ಲೆಕ್ಕ ಹಾಕಿದ್ದಾರೆ, ಕೀಟನಾಶಕದ ಖರ್ಚು ನಮ್ಮ ಸೀಮೆಯ ರೈತರಿಗೆ ಹೇಳಿಕೊಡಬೇಕಾಗಿಲ್ಲ. ಆ ಕಾರಣಕ್ಕೇ ಒಮ್ಮೆ ಬೆಳೆದ ಹತ್ತಿಯನ್ನು ಮೂವತ್ತು, ನಲವತ್ತು ವರ್ಷ ಬಳಸುವುದಕ್ಕೂ ಐದು ವರ್ಷಕ್ಕೆ ಬಿಸಾಡುವುದಕ್ಕೂ ಅಜಗಜಾಂತರವಿದೆ. ಬೂರುಗದ ಹತ್ತಿಯ ದಿಂಬುಗಳಿಗೂ ಈ ಮಾತು ಅನ್ವಯಿಸುತ್ತದೆ, ಆದರೆ ಅದರ ನಾರು ಗಿಡ್ಡ, ನುಣುಪು. ಮೆಷಿನ್ನಿಗೆ ಕೊಟ್ಟರೆ ಹಾರಿಹೋಗುತ್ತದೆಂದು ಅದನ್ನು ಕೈಯಲ್ಲೇ ಬಿಡಿಸಿ ಬಿಸಿಲಿಗೆ ಹಾಕಿ ತುಂಬಿಕೊಡುತ್ತಾರೆ.

ತೆಂಗಿನ ನಾರಿನ ಹಾಸಿಗೆಯನ್ನು ಕಂಡು ಸಾಹೇಬರು ತಲೆಯಾಡಿಸಿದರು, ‘ಇದಕ್ಕ ನಮ್ಮ ಹತ್ರ ಔಷಧ ಇಲ್ಲ.’ ಈ ಬಗೆಯ ಹಾಸಿಗೆಗೂ ನಮ್ಮ ರಾಜ್ಯಕ್ಕೂ ಹಳೆಯ ನಂಟಿದೆ. 1962ರಲ್ಲಿ ಕರ್ನಾಟಕದಲ್ಲಿ ಆರಂಭವಾದ ಕರ್ಲಾನ್ ಎಷ್ಟು ಮನೆಮಾತಾಯಿತೆಂದರೆ, ಯಾವ ಕಂಪನಿಯ ನಾರಿನ ಹಾಸಿಗೆಗೂ ನಮ್ಮ ಕಡೆ ಅದೇ ಹೆಸರು. ಆ ಕಂಪನಿಯನ್ನು 2023ರಲ್ಲಿ ಫೋಮ್ ಹಾಸಿಗೆಯ ಶೀಲಾ ಫೋಮ್ ಕೊಂಡುಕೊಂಡಿತು. ಸುರುಳಿ ಮಾಡಿದ ನಾರಿನ ಮೇಲೆ ರಬ್ಬರ್ ಹಾಲು ಸಿಂಪಡಿಸಿ, ಗಂಧಕ ಮುಂತಾದವುಗಳೊಡನೆ ಬೇಯಿಸಿ ಹಲಗೆಯಂತೆ ಮಾಡುವುದು ಇದರ ವಿಧಾನ. ನಾರೂ ಗಿಡದ್ದು, ರಬ್ಬರೂ ಗಿಡದ್ದು, ಆದ್ದರಿಂದ ಇದು ಮಣ್ಣಿಗೆ ಸೇರಿದರೆ ಸಾಕು ಎಂದು ಮಾರುವವರು ಹೇಳುತ್ತಾರೆ. ಆದರೆ ಲಿಗ್ನಿನ್ ಎಂಬ ಗಟ್ಟಿ ಅಂಶ ತುಂಬಿದ ತೆಂಗಿನ ನಾರು ತಾನೇ ನಿಧಾನವಾಗಿ ಕೊಳೆಯುವಂಥದ್ದು, ಅದಕ್ಕೆ ಬೆಂದ ರಬ್ಬರಿನ ಹೊದಿಕೆ ಬಿದ್ದ ಮೇಲೆ ಇನ್ನೂ ನಿಧಾನ. ನಾನು ಹಾಸಿಗೆಯನ್ನು ಅಂಗಳದಲ್ಲಿ ಹಾಕಿಕೊಂಡು ಈಳಿಗೆಯಂಥ ದೊಡ್ಡ ಚಾಕುವಿನಿಂದ ಬಿಚ್ಚಿದಾಗ ಮೇಲೆ ಹೊಲಿದ ಬಟ್ಟೆ, ಅದರ ಕೆಳಗೆ ಅರ್ಧ ಇಂಚಿನ ಫೋಮ್, ಅದರ ಕೆಳಗೆ ನಾರಿನ ಹಲಗೆ, ಎಲ್ಲವನ್ನೂ ಹಿಡಿದಿಟ್ಟ ಗಟ್ಟಿ ಅಂಟು ಸಿಕ್ಕವು. ಬೇರ್ಪಡಿಸಲು ಒಂದು ಭಾನುವಾರ ಪೂರ್ತಿ ಹೋಯಿತು. ನಾರಿನ ಚೌಕಗಳನ್ನು ಹೂವಿನ ಕುಂಡಗಳ ತಳಕ್ಕೂ, ಮಲ್ಲಿಗೆಯ ಬುಡಕ್ಕೆ ಮುಚ್ಚಿಗೆಯಾಗಿಯೂ ಹಾಕಿದ್ದೇನೆ. ರಬ್ಬರಿನಲ್ಲಿ ಸತುವಿನ ಆಕ್ಸೈಡೂ ಇರುವುದರಿಂದ ಸೊಪ್ಪು, ತರಕಾರಿಯ ಮಡಿಗಳಿಗೆ ಹಾಕಲಿಲ್ಲ. ಇದು ಒಂದು ಮನೆಯ ಅಂಗಳಕ್ಕೆ ಆದೀತೇ ಹೊರತು ಊರಿಗೆ ಆಗುವ ದಾರಿಯಲ್ಲ.

ಊರಿಗೆ ಆಗುವ ದಾರಿ ಬೇರೆಡೆ ಇದೆ. ಅಮೆರಿಕದ ಕನೆಕ್ಟಿಕಟ್, ರೋಡ್ ಐಲೆಂಡ್ ಮತ್ತು ಕ್ಯಾಲಿಫೋರ್ನಿಯಾ ರಾಜ್ಯಗಳು 2013ರಲ್ಲೇ ಹಾಸಿಗೆಗಾಗಿ ಪ್ರತ್ಯೇಕ ಕಾನೂನು ಮಾಡಿದವು, ಆಮೇಲೆ ಆರಿಗನ್ ಸೇರಿಕೊಂಡಿತು. ಅಲ್ಲಿ ಹೊಸ ಹಾಸಿಗೆ ಕೊಳ್ಳುವಾಗಲೇ ಬಿಲ್ಲಿನಲ್ಲಿ ಒಂದು ಸಣ್ಣ ಮೊತ್ತವನ್ನು ಪ್ರತ್ಯೇಕವಾಗಿ ತೋರಿಸಿ ಹಿಡಿಯುತ್ತಾರೆ, ಆ ಹಣದಿಂದ ಹಳೆಯ ಹಾಸಿಗೆಗಳನ್ನು ಸಂಗ್ರಹಿಸಿ ಬಿಚ್ಚುವ ಕೇಂದ್ರಗಳು ನಡೆಯುತ್ತವೆ. ಉಕ್ಕು ಕುಲುಮೆಗೆ, ಫೋಮ್ ಕಾರ್ಪೆಟ್ಟಿನ ಕೆಳಗಿನ ಮೆತ್ತೆಗೆ, ಮರದ ಚೌಕಟ್ಟು ಹೊಟ್ಟಾಗಿ ತೋಟಗಳಿಗೆ ಹೋಗುತ್ತದೆ. ಒಂದು ಹಾಸಿಗೆಯ ಮುಕ್ಕಾಲು ಪಾಲು ವಸ್ತು ಮರುಬಳಕೆಗೆ ಬರುತ್ತದೆ. ಫ್ರಾನ್ಸಿನಲ್ಲಿ 2013ರಿಂದ ಪೀಠೋಪಕರಣಗಳಿಗೆಲ್ಲ ಇಂಥದೇ ಪದ್ಧತಿಯಿದೆ. ಫೋಮನ್ನು ರಾಸಾಯನಿಕವಾಗಿ ಒಡೆದು ಮತ್ತೆ ಪಾಲಿಯಾಲ್ ಪಡೆಯುವ ಘಟಕಗಳೂ ಯೂರೋಪಿನಲ್ಲಿ ಕೆಲಸ ಶುರುಮಾಡಿವೆ, ಬೆಂದ ದೋಸೆಯನ್ನು ಹಿಟ್ಟು ಮಾಡುವ ವಿದ್ಯೆ ಪೂರ್ತಿ ಅಸಾಧ್ಯವೇನಲ್ಲ ಎಂದಾಯಿತು. ನಮ್ಮಲ್ಲಿ ಇ-ತ್ಯಾಜ್ಯ, ಬ್ಯಾಟರಿ, ಟೈರು, ಪ್ಲಾಸ್ಟಿಕ್ ಪ್ಯಾಕಿಂಗ್ ಇವುಗಳಿಗೆ ತಯಾರಕರೇ ಹೊಣೆ ಹೊರಬೇಕೆಂಬ ನಿಯಮಗಳಿವೆ, ಹಾಸಿಗೆಗೆ ಅಂಥದ್ದಿಲ್ಲ. 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳು ಪ್ರತಿ ಕೆಜಿಗೆ 1,500 ಕಿಲೋಕ್ಯಾಲರಿಗಿಂತ ಹೆಚ್ಚು ಶಾಖ ಕೊಡುವ, ಮರುಬಳಕೆಗೆ ಬಾರದ ತ್ಯಾಜ್ಯವನ್ನು ಹೂಳಬಾರದು, ಸಿಮೆಂಟ್ ಗೂಡಿನಂಥ ಕಡೆ ಇಂಧನವಾಗಿ ಬಳಸಬೇಕು ಎಂದಿದ್ದವು, ಫೋಮ್ ಅದಕ್ಕೆ ಸಲೀಸಾಗಿ ಹೊಂದುತ್ತದೆ. ಆದರೆ ದಾವಣಗೆರೆಯ ಒಂದು ಮನೆಯ ಹಾಸಿಗೆಯನ್ನು ಕಲಬುರಗಿ ಸೀಮೆಯ ಸಿಮೆಂಟ್ ಗೂಡಿನವರೆಗೆ ಒಯ್ಯುವವರಾರು? ಮಳಿಗೆಯವರು ಕೊಟ್ಟ ಆ ₹2,000 ರಿಯಾಯಿತಿಯಲ್ಲಿ ಐನೂರನ್ನು ಸಾಗಣೆಗೆಂದು ಎತ್ತಿಟ್ಟಿದ್ದರೂ ಫಲಕದ ಮೇಲಿನ ಮೂರು ಬಾಣಗಳಿಗೆ ಅಷ್ಟಾದರೂ ಅರ್ಥ ಬರುತ್ತಿತ್ತು.

ಹತ್ತಿಯ ಗಾದಿ ಮನೆಯಲ್ಲಿರುವವರು ಈ ಕಸುಬಿನ ಅಂಗಡಿಗಳನ್ನು ಹುಡುಕಿಕೊಂಡು ಹೋಗಿ ಎಂದು ನಾನು ಅನುಮಾನವಿಲ್ಲದೆ ಹೇಳುತ್ತೇನೆ. ಹೋಗುವ ಮೊದಲು ಮನೆಯಲ್ಲೇ ಒಂದು ಎಳೆ ಹೊರಗೆ ತೆಗೆದು ಹಿಗ್ಗಿಸಿ ನೋಡಿ. ಹಿಗ್ಗಿದರೆ ಹಿಂಜಿಸಿ, ಪುಡಿಯಾದರೆ ಆಟೋದ ಬಾಡಿಗೆ ಉಳಿಸಿ. ಹೊಳೆಯುವ, ಜಾರುವ, ಬೆಂಕಿಗೆ ಹಿಡಿದರೆ ಗಂಟುಕಟ್ಟಿ ಕರಗುವ ಎಳೆಯಾದರೆ ಅದು ಪಾಲಿಯೆಸ್ಟರ್, ಅದನ್ನು ಈ ಮೆಷಿನ್ ಒಪ್ಪುವುದಿಲ್ಲ. ತೂಕವನ್ನು ಮೊದಲೂ ಆಮೇಲೂ ಎದುರಿಗೇ ಮಾಡಿಸಿ. ಫೆಬ್ರವರಿಯಿಂದ ಮೇವರೆಗಿನ ಬಿಸಿಲಿನ ದಿನಗಳಲ್ಲಿ ಹೋಗಿ, ಮದುವೆಯ ಲಗ್ನಸರಿಯಲ್ಲಿ ಮಾತ್ರ ಬೇಡ. ಆಗ ಅವರ ಕೈ ಬಿಡುವಿರುವುದಿಲ್ಲ. ಅಂಗಡಿಗೆ ಐದರಲ್ಲಿ ನಾಲ್ಕು ಅಂಕ ಕೊಡುತ್ತೇನೆ. ಕಳೆದ ಒಂದು ಅಂಕ ದೂಳಿನ ಲೆಕ್ಕಕ್ಕೆ.

ಫೋಮ್ ಹಾಸಿಗೆಯ ವಿಷಯ ಸಾಹೇಬರ ಕಿವಿಗೆ ಬಿದ್ದಾಗ, ಪಿ.ಬಿ. ರಸ್ತೆಯ ಕಡೆ ಸೋಫಾ ರಿಪೇರಿ ಮಾಡುವ ಪರಿಚಯದವರೊಬ್ಬರಿಗೆ ಅವರೇ ಫೋನು ಹಚ್ಚಿಕೊಟ್ಟರು. ಆತ ಬಂದು, ಹಾಸಿಗೆಯನ್ನು ಕರಗಸದಂಥ ಚಾಕುವಿನಲ್ಲಿ ಉದ್ದಕ್ಕೆ ಸೀಳಿ, ಗೋಡೆಯ ಬದಿಗಿದ್ದು ಕುಸಿಯದೆ ಉಳಿದ ಅರ್ಧವನ್ನು ಕುರ್ಚಿಗಳ ಒಳತುಂಬಿಗೆಂದು ಒಯ್ದ. ದುಡ್ಡು ಕೊಡಲಿಲ್ಲ, ಕೇಳಲೂ ಇಲ್ಲ. ಎಲ್ಲಿಗೆ ಎಂದು ಕೇಳಿದ್ದಕ್ಕೆ ಒಂದು ಶಾಲೆಯ ಸ್ಟಾಫ್ ರೂಮಿನ ಹನ್ನೆರಡು ಕುರ್ಚಿಗೆ ಎಂದು ಲೆಕ್ಕ ಸಮೇತ ಹೇಳಿದ. ನಡು ಕುಸಿದ ಇನ್ನೊಂದು ಅರ್ಧ ಅವನಿಗೂ ಬೇಡವಾಯಿತು. ಅದನ್ನು ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿ ದಾರ ಬಿಗಿದು ಮತ್ತೆ ಅಟ್ಟಕ್ಕೇರಿಸಿದ್ದೇನೆ.